ಸಾಲಿ ಬಾಗಿಲು ಯಾರಿಗೆ ತೆರೆಯಿತು? – ಕಾಗಿಣಾ ಸೀಮೆಯ ಶಿಕ್ಷಣದ ಹಿನ್ನೋಟ

ನಮ್ಮ ಸಹಕಾರಿ ಸಂಘಕ್ಕೆ ಇಪ್ಪತ್ತೈದು ವರ್ಷ ತುಂಬಿದ ಈ ಶುಭ ಸಂದರ್ಭದಲ್ಲಿ ಹೊರಬರುತ್ತಿರುವ ಸ್ಮರಣ ಸಂಚಿಕೆಗೆ ಒಂದು ಲೇಖನ ಬರೆದುಕೊಡಬೇಕೆಂದು ಆಡಳಿತ ಮಂಡಳಿಯವರು ಹೇಳಿಕಳಿಸಿದರು. "ಮಾಸ್ತರರೇ, ನೀವು ಸಾಲಿ ಬಗ್ಗೇನೇ ಬರೀರಿ, ಮತ್ತೊಬ್ಬರು ಸಾಲದ ಬಗ್ಗೆ ಬರೀತಾರ" ಎಂದು ಕಾರ್ಯದರ್ಶಿಗಳು ನಕ್ಕರು. ಏನು ಬರೆಯಲಿ ಎಂದು ತಿಳಿಯದೆ ಒಂದು ಮಧ್ಯಾಹ್ನ ಸಂಘದ ಕಚೇರಿಗೆ ಹೋಗಿ, ಮೊದಲ ವರ್ಷದ ಸದಸ್ಯರ ರಿಜಿಸ್ಟರ್ ತೆಗೆಸಿ ನೋಡಿದೆ.

ಹಾಳೆ ಹಳದಿಯಾಗಿವೆ. ಸಹಿಯ ಕಾಲಮ್ಮಿನಲ್ಲಿ ಕೆಲವು ಕಡೆ ದುಂಡನೆಯ ಅಕ್ಷರ, ಕೆಲವು ಕಡೆ ನಡುಗುವ ಅಕ್ಷರ, ಉಳಿದೆಡೆ ನೇರಳೆ ಮಸಿಯ ಹೆಬ್ಬೆಟ್ಟು. ಹೆಬ್ಬೆಟ್ಟುಗಳ ಮುಂದಿನ ಹೆಸರು ಓದುತ್ತ ಹೋದಾಗ ಒಂದು ಸಂಗತಿ ಎದ್ದು ಕಂಡಿತು. ಅವು ಊರೆಲ್ಲ ಸಮನಾಗಿ ಹರಡಿರಲಿಲ್ಲ. ಹೆಣ್ಣುಮಕ್ಕಳ ಹೆಸರಿನ ಮುಂದೆ ಹೆಚ್ಚು, ದಲಿತ ಕೇರಿಯವರ ಹೆಸರಿನ ಮುಂದೆ ಹೆಚ್ಚು, ತಾಂಡಾದವರ ಹೆಸರಿನ ಮುಂದೆ ಹೆಚ್ಚು. ಅದರಾಗ ನಮ್ಮ ಅಕ್ಕನದೂ ಒಂದು ಹೆಬ್ಬೆಟ್ಟು ಅದ. ನಾನು ಸಣ್ಣವನಿದ್ದಾಗ ದಿನಾ ಕೈ ಹಿಡಿದು ಸಾಲಿಗೆ ಬಿಟ್ಟು ಬರುತ್ತಿದ್ದವಳು ಅವಳೇ. ನನ್ನನ್ನು ಒಳಗೆ ಕಳಿಸಿ ತಾನು ಬಾಗಿಲಿನಿಂದಲೇ ತಿರುಗಿ ಹೋಗುತ್ತಿದ್ದಳು. ಮನೆಯಲ್ಲಿ ಕೂಸು ಇತ್ತು, ಎಮ್ಮೆ ಇತ್ತು, ಹೊಲಕ್ಕೆ ಬುತ್ತಿ ಒಯ್ಯಬೇಕಿತ್ತು.

ಊರಲ್ಲಿ ಸಾಲಿ ಇರಲಿಲ್ಲವೇ? ಇತ್ತು. ಹಾಗಾದರೆ ಪ್ರಶ್ನೆ ಸಾಲಿ ಇತ್ತೋ ಇಲ್ಲವೋ ಎಂಬುದಲ್ಲ, ಅದರ ಬಾಗಿಲು ಯಾರಿಗೆ ತೆರೆದಿತ್ತು ಎಂಬುದು. ಸೇಡಂ, ಚಿತ್ತಾಪುರ, ವಾಡಿ, ಶಹಾಬಾದ, ಚಿಂಚೋಳಿ ಈ ಐದೂ ಕಡೆಯ ಹಳೆಯ ಕಥೆಯನ್ನು ಈ ಒಂದು ಪ್ರಶ್ನೆ ಇಟ್ಟುಕೊಂಡು ನೋಡಿದರೆ ನಮ್ಮ ರಿಜಿಸ್ಟರಿನ ಹೆಬ್ಬೆಟ್ಟುಗಳಿಗೂ ಉತ್ತರ ಸಿಗುತ್ತದೆ.

ನಾಗಾವಿಯ ಘಟಿಕಾಲಯ

ನಮ್ಮ ಭಾಗ ಹಿಂದುಳಿದದ್ದು ಎಂದು ಹೇಳಿ ಹೇಳಿ ನಮಗೂ ಅದು ರೂಢಿಯಾಗಿಬಿಟ್ಟಿದೆ. ಆದರೆ ಚಿತ್ತಾಪುರದ ಪಕ್ಕದ ನಾಗಾವಿಯಲ್ಲಿ ಸಾವಿರ ವರ್ಷದ ಹಿಂದೆ ದೊಡ್ಡ ವಿದ್ಯಾಕೇಂದ್ರವಿತ್ತು. ಇಂದು ನಾವು ಯಲ್ಲಮ್ಮನ ದರ್ಶನಕ್ಕೆ ಹೋಗುವ ಊರು ಅದೇ. ಕಲ್ಯಾಣ ಚಾಲುಕ್ಯರ ಒಂದನೆಯ ಸೋಮೇಶ್ವರನ ಕಾಲದಲ್ಲಿ, ದಂಡನಾಯಕ ಮಧುಸೂದನನು ಕಟ್ಟಿಸಿದ ಘಟಿಕಾಶಾಲೆಯ ವಿವರ 1058ರ ಶಾಸನದಲ್ಲಿದೆ. ವೇದ ಓದುವ 200 ವಿದ್ಯಾರ್ಥಿಗಳು, ಶಾಸ್ತ್ರ ಓದುವ 52 ವಿದ್ಯಾರ್ಥಿಗಳು, ವೇದಕ್ಕೆ ಮೂವರು ಉಪಾಧ್ಯಾಯರು, ಶಾಸ್ತ್ರಕ್ಕೆ ಮೂವರು, ಇವರಲ್ಲದೆ ಆರು ಮಂದಿ ಸರಸ್ವತೀ ಭಂಡಾರಿಗರು, ಅಂದರೆ ಗ್ರಂಥಪಾಲಕರು. ಇವರೆಲ್ಲರ ನಿರ್ವಹಣೆಗೆ ಭೂಮಿ ಬಿಟ್ಟುಕೊಡಲಾಗಿತ್ತು. ಇಂದು ಎಷ್ಟು ಸರ್ಕಾರಿ ಪ್ರೌಢಶಾಲೆಗಳಲ್ಲಿ ಒಬ್ಬನಾದರೂ ಗ್ರಂಥಪಾಲಕನಿದ್ದಾನೆ, ಓದುಗರೇ ಎಣಿಸಿ ನೋಡಿರಿ.

ಇನ್ನೂ ಹಿಂದಕ್ಕೆ ಹೋದರೆ ಸೇಡಂ ತಾಲ್ಲೂಕಿನ ಮಳಖೇಡ, ರಾಷ್ಟ್ರಕೂಟರ ಮಾನ್ಯಖೇಟ. ಒಂಬತ್ತನೆಯ ಶತಮಾನದಲ್ಲಿ ಅಮೋಘವರ್ಷ ನೃಪತುಂಗನ ಆಸ್ಥಾನದಲ್ಲಿ ಹುಟ್ಟಿದ ಕವಿರಾಜಮಾರ್ಗವು, ಓದಿ ಕಲಿಯದಿದ್ದರೂ ಕನ್ನಡಿಗರು ಕಾವ್ಯ ಬಲ್ಲವರೆಂದು ಕೊಂಡಾಡಿದೆ. ನಮ್ಮ ಜನಕ್ಕೆ ಸಂದ ದೊಡ್ಡ ಗೌರವ ಅದು. ಆದರೆ ಓದಿಲ್ಲದ ಜಾಣತನವನ್ನು ಹೊಗಳಿದ ನಾಡಿನಲ್ಲೇ, ಮುಂದೆ ಸಾವಿರ ವರ್ಷ ಬಹುಜನರಿಗೆ ಓದು ಸಿಗಲಿಲ್ಲ ಎಂಬುದನ್ನೂ ನೆನೆಯಬೇಕು.

ನಾಗಾವಿಯ ಅನ್ನ, ವಸತಿ, ಗ್ರಂಥ ಎಲ್ಲವೂ ವೇದ ಓದುವ ಅಧಿಕಾರವಿದ್ದ ಕುಲದ ಗಂಡುಮಕ್ಕಳಿಗೆ. ಆ ಕಲ್ಲು ಕಡಿದ ಒಡ್ಡರ ಮಗನಿಗೆ, ಆ ಭೂಮಿ ಉತ್ತ ಒಕ್ಕಲಿಗನ ಮಗಳಿಗೆ ಅಲ್ಲಿ ಜಾಗವಿರಲಿಲ್ಲ. ಅಂದಿನ ಲೋಕದಲ್ಲಿ ಎಲ್ಲ ಕಡೆಯೂ ಹಾಗೇ ಇತ್ತು, ನಾಗಾವಿಯೊಂದನ್ನೇ ದೂರಬೇಕಾಗಿಲ್ಲ. ಆದರೆ ಅದರಿಂದ ಒಂದು ಪಾಠವಿದೆ. ಮಕ್ಕಳು ಓದಬೇಕಾದರೆ ಊಟ, ಇರಲು ಜಾಗ, ಪುಸ್ತಕ, ಮಾಸ್ತರರ ಸಂಬಳ ಇವಿಷ್ಟೂ ಬೇಕೆಂಬುದು 1058ರಲ್ಲೇ ನಮ್ಮವರಿಗೆ ಗೊತ್ತಿತ್ತು. ಆ ಅನುಕೂಲವನ್ನು ಎಲ್ಲರ ಮಕ್ಕಳಿಗೂ ಕೊಡಬೇಕೆಂಬುದು ಮಾತ್ರ ತೋಚಲು ಬಹಳ ಕಾಲ ಹಿಡಿಯಿತು.

ರೈಲು ಮೊದಲು ಬಂತು

ನಿಜಾಮರ ಕಾಲಕ್ಕೆ ಬರೋಣ. 1871ರಲ್ಲಿ ಮುಂಬಯಿಯಿಂದ ಬಂದ ಹಳಿಯೂ ಮದ್ರಾಸಿನಿಂದ ಬಂದ ಹಳಿಯೂ ರಾಯಚೂರಿನಲ್ಲಿ ಕೂಡಿದವು. ಆ ದಾರಿಯಲ್ಲೇ ಶಹಾಬಾದ, ವಾಡಿ ಸ್ಟೇಷನ್ನುಗಳು. 1874ರಲ್ಲಿ ವಾಡಿಯಿಂದ ಚಿತ್ತಾಪುರ, ಸೇಡಂ, ತಾಂಡೂರು ಮೇಲೆ ಹಾಯ್ದು ಸಿಕಂದರಾಬಾದಿಗೆ ನಿಜಾಮರ ರೈಲು ಓಡಿತು. ಶಹಾಬಾದಿನ ಫರಶಿ ಕಲ್ಲು ದೂರದೂರದ ಊರುಗಳಿಗೆ ಹೋಯಿತು. ನಮ್ಮ ಕಲ್ಲು ದೇಶ ಕಂಡಿತು, ಆ ಕಲ್ಲು ಕಡಿದವನ ಮಗ ಮಾತ್ರ ಸಾಲಿ ಕಾಣಲಿಲ್ಲ.

ಹತ್ತೊಂಬತ್ತನೆಯ ಶತಮಾನದ ಕೊನೆಯ ಹೊತ್ತಿಗೆ ಹೈದರಾಬಾದ್ ಸಂಸ್ಥಾನದ ಆಡಳಿತ ಭಾಷೆ ಉರ್ದು ಆಯಿತು. ಕೆಳಗಿನ ತರಗತಿಗಳಲ್ಲಿ ಅಲ್ಲಲ್ಲಿ ಕನ್ನಡವಿದ್ದರೂ ಮೇಲಕ್ಕೆ ಹತ್ತಬೇಕಾದರೆ ಉರ್ದು ಬೇಕು. 1918ರಲ್ಲಿ ಹೈದರಾಬಾದಿನಲ್ಲಿ ಸ್ಥಾಪನೆಯಾದ ಉಸ್ಮಾನಿಯಾ ವಿಶ್ವವಿದ್ಯಾಲಯವು ಇಂಗ್ಲಿಷನ್ನು ಬಿಟ್ಟು ಒಂದು ಭಾರತೀಯ ಭಾಷೆಯಲ್ಲೇ ಉನ್ನತ ಶಿಕ್ಷಣ ಕೊಡಲು ಹೊರಟಿತು. ಅದು ದೇಶಕ್ಕೇ ಹೊಸ ಸಾಹಸ, ಮೆಚ್ಚಬೇಕಾದದ್ದೇ. ಆದರೆ ಆ ಭಾಷೆ ಕಾಗಿಣಾ ದಂಡೆಯ ಒಕ್ಕಲುಮನೆಯ ಭಾಷೆಯಾಗಿರಲಿಲ್ಲ. ಕನ್ನಡ, ತೆಲುಗು, ಮರಾಠಿ ಆಡುವ ಬಹುಸಂಖ್ಯ ಮಕ್ಕಳಿಗೆ ಅದು ಇನ್ನೊಂದು ಪರಭಾಷೆಯೇ ಆಯಿತು.

ಇದನ್ನು ಹಿಂದೂ ಮುಸಲ್ಮಾನರ ಲೆಕ್ಕದಲ್ಲಿ ಹೇಳುವವರಿದ್ದಾರೆ. ಅದು ಸರಿಯಲ್ಲ. ಮನೆಯಲ್ಲಿ ಉರ್ದು ಆಡುತ್ತಿದ್ದ ಬಡ ಮುಸಲ್ಮಾನರ ಮಕ್ಕಳು, ಪಿಂಜಾರರ ಮಕ್ಕಳು, ಹಮಾಲರ ಮಕ್ಕಳು ಕೂಡ ಓದಲಿಲ್ಲ. ಓದಿದವರು ದೊಡ್ಡ ಮನೆತನದವರು, ದಫ್ತರಿನ ಕೆಲಸದವರು, ಅವರು ಯಾವ ಜಾತಿಯವರೇ ಇರಲಿ. ಸರ್ಕಾರದ ನೋಟೀಸು ಬಂದರೆ ರೈತ ಅದನ್ನು ಹಿಡಿದುಕೊಂಡು ಓದಬಲ್ಲವರ ಅಂಗಳದಲ್ಲಿ ಕೈಮುಗಿದು ನಿಲ್ಲಬೇಕಿತ್ತು. ಓದಿದವನು ಹೇಳಿದ್ದೇ ಅದರ ಅರ್ಥ. ಎಷ್ಟು ಹೊಲಗಳು ಹೀಗೆ ಕೈಬಿಟ್ಟವೋ ಹಿರಿಯರಿಗೆ ಗೊತ್ತು. ಆ ಕಾಲ ಹೋಯಿತಾದರೂ ಅದರ ಮಾತು ಹೋಗಿಲ್ಲ. ಹಾಜರಿ, ಗೈರುಹಾಜರಿ, ದಾಖಲೆ ಎಂದು ನಮ್ಮ ಕನ್ನಡ ಸಾಲಿಗಳಲ್ಲಿ ಇಂದಿಗೂ ಅಂತೇವೆ.

ಜನ ಸುಮ್ಮನೆ ಕುಳಿತಿರಲಿಲ್ಲ. ಗುಲಬರ್ಗಾದಲ್ಲಿ 1907ರಲ್ಲೇ ನೂತನ ವಿದ್ಯಾಲಯ ಹುಟ್ಟಿತು. ಶರಣಬಸವೇಶ್ವರ ಸಂಸ್ಥಾನದ ದೊಡ್ಡಪ್ಪ ಅಪ್ಪನವರು ದಾಸೋಹದ ಜೊತೆಗೆ ವಿದ್ಯೆಯ ದಾಸೋಹಕ್ಕೂ ಕೈಹಾಕಿ, ಹೆಣ್ಣುಮಕ್ಕಳ ಓದಿಗೂ ದಾರಿ ಮಾಡಿದರು. ಆದರೆ ಖಾಸಗಿ ಸಾಲಿ ತೆರೆಯಲು ಸರ್ಕಾರದ ಅನುಮತಿ ಬೇಕೆಂಬ ಕಟ್ಟಳೆ 1920ರ ದಶಕದಲ್ಲಿ ಬಿಗಿಯಾದಾಗ, ಹಳ್ಳಿಯ ಗುಡಿ, ಮಠ, ಕಟ್ಟೆಗಳ ಮೇಲೆ ಅಯ್ಯನವರು ನಡೆಸುತ್ತಿದ್ದ ಗಾಂವಠೀ ಸಾಲಿಗಳಿಗೆ ಪೆಟ್ಟು ಬಿತ್ತು. ಇದೇ ಕಾಲದಲ್ಲಿ ಮೈಸೂರು ಸಂಸ್ಥಾನದಲ್ಲಿ ವಿಶ್ವವಿದ್ಯಾಲಯ ತೆರೆದಿತ್ತು (1916), ದಲಿತರ ಮಕ್ಕಳನ್ನು ಸರ್ಕಾರಿ ಶಾಲೆಗೆ ಸೇರಿಸಿಕೊಳ್ಳಬೇಕೆಂಬ ಆದೇಶವೂ ಹೊರಟಿತ್ತು (1915). ಒಂದೇ ಭಾಷೆಯ ಎರಡು ನಾಡು, ಮಧ್ಯದಲ್ಲಿ ಒಂದು ತಲೆಮಾರಿನ ಅಂತರ. ಆ ಅಂತರದ ಬಡ್ಡಿಯನ್ನು ನಾವು ಇನ್ನೂ ಕಟ್ಟುತ್ತಿದ್ದೇವೆ.

1948ರ ನಂತರ

1948ರ ಸೆಪ್ಟೆಂಬರ್ 17ರಂದು ಹೈದರಾಬಾದ್ ಸಂಸ್ಥಾನವು ಭಾರತದೊಂದಿಗೆ ಕೂಡಿತು. ಮರುವರ್ಷವೇ ಜಾಗೀರುಗಳು ರದ್ದಾದವು. ಸಾಲಿಗಳಲ್ಲಿ ಕನ್ನಡ ಬಂತು. ಆದರೆ ಕನ್ನಡದಲ್ಲಿ ಕಲಿಸುವ ಮಾಸ್ತರರೆಲ್ಲಿ? ಧಾರವಾಡ, ವಿಜಾಪುರದ ಕಡೆಯಿಂದ ಬಂದವರು ಬಂದರು. ಇಲ್ಲಿ ಉರ್ದುವಿನಲ್ಲಿ ಓದಿದವರು ರಾತ್ರಿ ಕನ್ನಡ ಕಲಿತು ಹಗಲು ಕಲಿಸಿದರು. 1950ರ ಸಂವಿಧಾನವು ಹದಿನಾಲ್ಕು ವರ್ಷದೊಳಗಿನ ಎಲ್ಲ ಮಕ್ಕಳಿಗೆ ಹತ್ತು ವರ್ಷದಲ್ಲಿ ಉಚಿತ ಮತ್ತು ಕಡ್ಡಾಯ ಶಿಕ್ಷಣ ಎಂದು ಹೇಳಿತು. ಆ ಲೆಕ್ಕಕ್ಕೆ 1960ಕ್ಕೆ ಕೆಲಸ ಮುಗಿಯಬೇಕಿತ್ತು.

1956ರ ನವೆಂಬರ್ 1ರಂದು ನಾವು ಮೈಸೂರು ರಾಜ್ಯಕ್ಕೆ ಸೇರಿದೆವು. ಅಂದು ನಮ್ಮ ಜಿಲ್ಲೆಯಲ್ಲಿದ್ದ ಕೊಡಂಗಲ್, ತಾಂಡೂರು ತಾಲ್ಲೂಕುಗಳು ಆಂಧ್ರಕ್ಕೆ ಹೋದವು. 1958ರಲ್ಲಿ ಮಹಾದೇವಪ್ಪ ರಾಂಪುರೆಯವರು ಹೈದರಾಬಾದ್ ಕರ್ನಾಟಕ ಶಿಕ್ಷಣ ಸಂಸ್ಥೆ ಕಟ್ಟಿದರು. ಅದೇ ವರ್ಷ ಇಂಜಿನಿಯರಿಂಗ್ ಕಾಲೇಜು, 1963ರಲ್ಲಿ ಮೆಡಿಕಲ್ ಕಾಲೇಜು ಬಂದವು. 1961ರಲ್ಲಿ ರಾಜ್ಯದ ಕಡ್ಡಾಯ ಪ್ರಾಥಮಿಕ ಶಿಕ್ಷಣ ಕಾಯ್ದೆ ಬಂತು. 1980ರಲ್ಲಿ ಗುಲಬರ್ಗಾ ವಿಶ್ವವಿದ್ಯಾಲಯ. ಮೇಲಿನ ಮಹಡಿ ಏರುತ್ತ ಹೋಯಿತು, ಕೆಳಗಿನ ಮೆಟ್ಟಿಲು ಮಾತ್ರ ಸಡಿಲವಾಗಿಯೇ ಉಳಿಯಿತು.

ನಾನು ಓದಿದ ಸಾಲಿಯಲ್ಲಿ ನೀರಿನ ಗಡಿಗೆ ಒಂದೇ. ದಲಿತ ಕೇರಿಯ ಹುಡುಗರು ಮುಟ್ಟುವಂತಿರಲಿಲ್ಲ, ಬೊಗಸೆ ಒಡ್ಡಬೇಕು, ಮೇಲಿಂದ ಯಾರಾದರೂ ಹಾಕಬೇಕು. ಯಾರೂ ಹಾಕದ ದಿನ ಹಳ್ಳಕ್ಕೆ ಓಡುತ್ತಿದ್ದರು. ಹಳ್ಳಕ್ಕೆ ಹೋದವರು ಒಮ್ಮೊಮ್ಮೆ ತಿರುಗಿ ಬರುತ್ತಿರಲಿಲ್ಲ. ಮಾಸ್ತರರು ಹಾಜರಿಯಲ್ಲಿ 'ಗೈರು' ಎಂದು ಬರೆಯುತ್ತಿದ್ದರು. ಆ ಗೈರಿಗೆ ಕಾರಣ ಗಡಿಗೆ ಎಂದು ಯಾವ ಹಾಜರಿ ಪುಸ್ತಕದಲ್ಲೂ ಬರೆದಿಲ್ಲ. ನಾನೂ ಆಗ ನೋಡಿಕೊಂಡು ಸುಮ್ಮನಿದ್ದವನೇ.

ಇಂಥ ಸಾಲಿಗಳಲ್ಲಿ ಬದಲಾವಣೆ ತಂದ ಒಂದು ಸಂಗತಿಯನ್ನು ಹೇಳಲೇಬೇಕು. 1976ರಲ್ಲಿ ನಮ್ಮ ಜಿಲ್ಲೆಯವರೇ ಆದ ಮಲ್ಲಿಕಾರ್ಜುನ ಖರ್ಗೆಯವರು ಪ್ರಾಥಮಿಕ ಶಿಕ್ಷಣ ರಾಜ್ಯ ಸಚಿವರಾಗಿದ್ದಾಗ, ಖಾಲಿ ಉಳಿದಿದ್ದ ಪರಿಶಿಷ್ಟ ಜಾತಿ, ಪಂಗಡಗಳ 16,000ಕ್ಕೂ ಹೆಚ್ಚು ಶಿಕ್ಷಕರ ಹುದ್ದೆಗಳು ತುಂಬಿದವು. ರಾಜಕೀಯ ಏನೇ ಇರಲಿ, ತಮ್ಮ ಕೇರಿಯವರೇ ಮಾಸ್ತರರಾಗಿ ಕುರ್ಚಿಯ ಮೇಲೆ ಕುಳಿತದ್ದನ್ನು ಕಂಡ ಮಕ್ಕಳಿಗೆ ಆದ ಧೈರ್ಯ ಯಾವ ಭಾಷಣದಿಂದಲೂ ಆಗುವಂಥದ್ದಲ್ಲ. ಗಡಿಗೆ ಮುಟ್ಟಬೇಡ ಎನ್ನುವ ಬಾಯಿಗೂ ಆಗ ಬೀಗ ಬಿತ್ತು.

ಸೈರನ್ ಊದಿದ ಊರುಗಳು

ಶಹಾಬಾದಿನಲ್ಲಿ 1920ರ ದಶಕದಲ್ಲೇ ಸಿಮೆಂಟ್ ಕಾರ್ಖಾನೆ ಬಂತು. 1936ರಲ್ಲಿ ಅದು ಎ.ಸಿ.ಸಿ.ಯೊಳಗೆ ಸೇರಿತು. 1968ರಲ್ಲಿ ವಾಡಿಯಲ್ಲಿ ಎ.ಸಿ.ಸಿ. ದೊಡ್ಡ ಕಾರ್ಖಾನೆ ಕಟ್ಟಿತು. ಮುಂದೆ ಕುರಕುಂಟಾ, ಮಳಖೇಡ, ಸೇಡಂಗಳಲ್ಲೂ ಚಿಮಣಿ ಎದ್ದವು. ಕಾರ್ಖಾನೆ ಬಂದಲ್ಲಿ ಕಾಲನಿ, ಕಾಲನಿ ಇದ್ದಲ್ಲಿ ಒಳ್ಳೆಯ ಸಾಲಿ. ಪರ್ಮನೆಂಟ್ ಕಾರ್ಮಿಕನಾದವನ ಮಗ ಇಂಜಿನಿಯರ್ ಆದ ಉದಾಹರಣೆ ನಮ್ಮಲ್ಲಿ ಬೇಕಾದಷ್ಟಿವೆ. ತಿಂಗಳಿಗೊಮ್ಮೆ ಪಗಾರ ಬಂದರೆ ಮಗುವನ್ನು ಕೂಲಿಗೆ ಕಳಿಸಬೇಕಾಗಿಲ್ಲ ಎಂಬುದನ್ನು ಈ ಊರುಗಳು ತೋರಿಸಿಕೊಟ್ಟವು.

ಆದರೆ ಕಾಂಪೌಂಡಿನ ಈಚೆಗೆ ಇನ್ನೊಂದು ಲೋಕ. ಅದೇ ಕಾರ್ಖಾನೆಯ ಗುತ್ತಿಗೆ ಕೂಲಿಯವನ ಮಗ, ಅದೇ ಸುಣ್ಣದ ಕಲ್ಲಿಗೆ ಹೊಲ ಕೊಟ್ಟವನ ಮಗ ತಗಡಿನ ಚಾವಣಿಯ ಸಾಲಿಗೆ ಹೋಗುತ್ತಿದ್ದ. ಎರಡೂ ಸಾಲಿಯ ಮೇಲೆ ಬೀಳುವ ಧೂಳು ಒಂದೇ, ಒಳಗಿನ ಕಲಿಕೆ ಬೇರೆ. ಕಾರ್ಖಾನೆ ನಿಂತರೆ? 1998ರಲ್ಲಿ ಕುರಕುಂಟಾದ ಸರ್ಕಾರಿ ಸಿಮೆಂಟ್ ಕಾರ್ಖಾನೆ ನಿಂತಿತು. ಶಹಾಬಾದಿನ ಹಳೆಯ ಚಿಮಣಿಯೂ ತಣ್ಣಗಾಯಿತು. ಕಂಪನಿಯ ಮೇಲೆ ನಿಂತ ಅನುಕೂಲ ಕಂಪನಿಯ ಜೊತೆಗೇ ಹೋಗುತ್ತದೆ. ಎಲ್ಲರ ಮಕ್ಕಳಿಗೂ ಎಂದೆಂದಿಗೂ ಬೇಕಾದದ್ದು ಸರ್ಕಾರಿ ಸಾಲಿಯೇ.

ಚಿಂಚೋಳಿಯ ತಾಂಡಾಗಳು

ಚಿಂಚೋಳಿಗೆ ರೈಲೂ ಇಲ್ಲ. ಎರಡು ಬಾರಿ ಮುಖ್ಯಮಂತ್ರಿಯಾದ ವೀರೇಂದ್ರ ಪಾಟೀಲರ ಊರು ಅದು. ಆದರೂ ಕೊಂಚಾವರಂ ಕಾಡಿನ ಕಡೆಗೆ ಹೋದರೆ ತಾಂಡಾದ ಮಗು ಮನೆಯಲ್ಲಿ ಲಂಬಾಣಿ ಆಡುತ್ತದೆ, ಸಂತೆಯಲ್ಲಿ ತೆಲುಗು ಕೇಳುತ್ತದೆ, ಸಾಲಿಯಲ್ಲಿ ಕನ್ನಡ ಓದಬೇಕು. ಸುಗ್ಗಿ ಮುಗಿದರೆ ತಂದೆತಾಯಿ ಮುಂಬಯಿ, ಪುಣೆ, ಹೈದರಾಬಾದಿಗೆ ದುಡಿಯಲು ಹೋಗುತ್ತಾರೆ. ಮಕ್ಕಳೂ ಜೊತೆಗೆ. ನಾನು ತಾಂಡಾ ಸಾಲಿಯಲ್ಲಿದ್ದಾಗ ಜೂನ್‌ನಲ್ಲಿ ತುಂಬಿದ್ದ ಕೋಣೆ ಸಂಕ್ರಾಂತಿ ಹೊತ್ತಿಗೆ ಬರಿದಾಗುತ್ತಿತ್ತು. ಒಬ್ಬ ತಂದೆಯನ್ನು ಕೇಳಿದೆ, "ಹುಡುಗನ್ನ ಇಲ್ಲೇ ಬಿಟ್ಟು ಹೋಗಬಾರದೇನೋ?" ಅವನು ಹೇಳಿದ: "ಬಿಡ್ತೀನ್ರಿ ಸರ. ಉಣ್ಣಾಕ ಯಾರ್ ಹಾಕ್ತಾರ?"

ಆ ಮಾತಿಗೆ ನನ್ನ ಹತ್ತಿರ ಉತ್ತರವಿರಲಿಲ್ಲ. ಉತ್ತರ ನಿಧಾನವಾಗಿ ಬಂತು. 1995ರಿಂದ ಹಾಜರಾತಿ ಇದ್ದ ಮಗುವಿಗೆ ತಿಂಗಳಿಗೆ 3 ಕೆ.ಜಿ. ಅಕ್ಕಿ. ಅದು ಚೀಲದಲ್ಲಿ ಮನೆಗೆ ಹೋಗುತ್ತಿತ್ತು. 2002ರಲ್ಲಿ ಅಕ್ಷರ ದಾಸೋಹ ಎಂಬ ಬಿಸಿಯೂಟ ಶುರುವಾಯಿತು, ಅದೂ ನಮ್ಮ ಗುಲಬರ್ಗಾ, ಬೀದರ, ರಾಯಚೂರು, ಕೊಪ್ಪಳ, ಬಳ್ಳಾರಿ, ವಿಜಾಪುರ, ಬಾಗಲಕೋಟೆ ಈ ಏಳು ಜಿಲ್ಲೆಗಳಲ್ಲೇ ಮೊದಲು. ಆಮೇಲೆ ರಾಜ್ಯಕ್ಕೆಲ್ಲ ಹಬ್ಬಿತು. ಒಂದೇ ಪಂಕ್ತಿಯಲ್ಲಿ ಎಲ್ಲ ಜಾತಿಯ ಮಕ್ಕಳು ಕುಳಿತು ಉಂಡರು. ಕೆಲವು ಕಡೆ ಅಡುಗೆಯವಳ ಜಾತಿ ಕೇಳಿ ತಕರಾರು ಎದ್ದದ್ದೂ ಉಂಟು. ಆದರೆ ಹಸಿದ ಮಗು ಆ ತಕರಾರಿಗಿಂತ ದೊಡ್ಡದು. ನಾಗಾವಿಯಲ್ಲಿ 252 ಮಂದಿಗಿದ್ದ ಅನ್ನದ ಏರ್ಪಾಡು 944 ವರ್ಷ ಕಳೆದ ಮೇಲೆ ಎಲ್ಲರ ಮಕ್ಕಳಿಗೂ ಬಂತು.

ಅಂಕಿ ಸಂಖ್ಯೆ ಏನು ಹೇಳುತ್ತದೆ

1991ರಲ್ಲಿ ಗುಲಬರ್ಗಾ ಜಿಲ್ಲೆಯ ಸಾಕ್ಷರತೆ ನೂರಕ್ಕೆ 38.54, ಹೆಣ್ಣುಮಕ್ಕಳದು 24.49 ಮಾತ್ರ. ಆಗ ರಾಜ್ಯದ ಸರಾಸರಿ 56.04. ನಮ್ಮ ಸಂಘದ ರಿಜಿಸ್ಟರ್ ಬರೆದ ಕಾಲದ 2001ರ ಜನಗಣತಿಯಲ್ಲಿ ಜಿಲ್ಲೆಯದು 50.01, ಹೆಣ್ಣುಮಕ್ಕಳದು 37.90. ಅಂದರೆ ಆ ನೇರಳೆ ಹೆಬ್ಬೆಟ್ಟುಗಳು ನಮ್ಮ ಊರಿನವಷ್ಟೇ ಅಲ್ಲ, ಇಡೀ ಜಿಲ್ಲೆಯವು. 2011ರಲ್ಲಿ 64.85ಕ್ಕೆ ಏರಿತು, ಹೆಣ್ಣುಮಕ್ಕಳು 55.09. ಏರಿದ್ದು ಸಣ್ಣ ಸಾಧನೆಯಲ್ಲ. ಆದರೆ ರಾಜ್ಯ ಅಷ್ಟರಲ್ಲಿ 75.36ಕ್ಕೆ ಹೋಗಿತ್ತು.

2002ರಲ್ಲಿ ಡಾ. ಡಿ.ಎಂ. ನಂಜುಂಡಪ್ಪ ಸಮಿತಿಯು ವರದಿ ಕೊಟ್ಟಾಗ ರಾಜ್ಯದ 39 ಅತ್ಯಂತ ಹಿಂದುಳಿದ ತಾಲ್ಲೂಕುಗಳ ಪೈಕಿ 21 ಗುಲಬರ್ಗಾ ವಿಭಾಗದಲ್ಲೇ ಇದ್ದವು. ಸೇಡಂ, ಚಿತ್ತಾಪುರ, ಚಿಂಚೋಳಿ ಮೂರೂ ಆ ಪಟ್ಟಿಯಲ್ಲಿವೆ. ಶಹಾಬಾದ, ವಾಡಿ ಆಗ ಚಿತ್ತಾಪುರ ತಾಲ್ಲೂಕಿನೊಳಗೇ ಇದ್ದವು. ವಿಶೇಷ ಸ್ಥಾನಮಾನ ಬೇಕೆಂದು ಚಿಂಚೋಳಿಯ ವೈಜನಾಥ ಪಾಟೀಲರು ಮುಂತಾದವರು ವರ್ಷಗಟ್ಟಲೆ ಹೋರಾಡಿದರು. 2012ರ ಡಿಸೆಂಬರಿನಲ್ಲಿ ಸಂಸತ್ತು ಒಪ್ಪಿ 371(ಜೆ) ಕಲಂ ಸಂವಿಧಾನಕ್ಕೆ ಸೇರಿತು. 2013ರ ಆದೇಶದಂತೆ ನಮ್ಮ ಭಾಗದ ವೃತ್ತಿಶಿಕ್ಷಣ ಮತ್ತು ಉನ್ನತ ಶಿಕ್ಷಣ ಸಂಸ್ಥೆಗಳಲ್ಲಿ ನೂರಕ್ಕೆ 70 ಸೀಟು, ರಾಜ್ಯದ ಉಳಿದೆಡೆಯ ಸಂಸ್ಥೆಗಳಲ್ಲಿ 8 ಸೀಟು ನಮ್ಮ ಮಕ್ಕಳಿಗೆ ಮೀಸಲು. ಡಾಕ್ಟರಾದವರು, ಇಂಜಿನಿಯರಾದವರು ಈಗ ಹಳ್ಳಿಗಳಲ್ಲೂ ಇದ್ದಾರೆ.

ಆದರೆ ಸೀಟಿನ ತನಕ ಮುಟ್ಟಬೇಕಲ್ಲ? 2025ರ ಎಸ್.ಎಸ್.ಎಲ್.ಸಿ. ಮೊದಲ ಪರೀಕ್ಷೆಯಲ್ಲಿ ದಕ್ಷಿಣ ಕನ್ನಡದ ಫಲಿತಾಂಶ ನೂರಕ್ಕೆ 91.12. ಕಲಬುರಗಿಯದು 42.43, ರಾಜ್ಯಕ್ಕೇ ಕೊನೆಯದು. ಹತ್ತು ಮಕ್ಕಳಲ್ಲಿ ಆರು ಮಂದಿಗೆ ಆ ಮೀಸಲು ಸೀಟು ಕಾಗದದ ಮೇಲಿನ ಸೀಟು. ಹಿಂದೆ ಬಾಗಿಲಲ್ಲೇ ತಡೆಯುತ್ತಿದ್ದರು, ಈಗ ಒಳಗೆ ಬಿಟ್ಟು ನಡುದಾರಿಯಲ್ಲಿ ಕೈಬಿಡುತ್ತಿದ್ದೇವೆ. ಮಕ್ಕಳು ದಡ್ಡರೆಂದು ಇದಕ್ಕೆ ಕಾರಣ ಹೇಳಬೇಡಿರಿ. ಗಣಿತಕ್ಕೆ ಮಾಸ್ತರರಿಲ್ಲದ ಸಾಲಿ, ತೊಗರಿ ರಾಶಿಗೆ ಹೋಗಿ ತಿಂಗಳು ತಪ್ಪಿಸಿಕೊಂಡ ಹುಡುಗಿ, ಓದಲು ಮೂಲೆ ಇಲ್ಲದ ಒಂದೇ ಖೋಲಿಯ ಮನೆ, ಇವನ್ನು ಮೊದಲು ನೋಡಿರಿ.

ನಮ್ಮ ಸಂಘ ಏನು ಮಾಡಬಹುದು

ಸಹಕಾರಿ ಸಂಘಕ್ಕೂ ಸಾಲಿಗೂ ಏನು ಸಂಬಂಧ ಎಂದು ಕೇಳುವವರಿದ್ದಾರೆ. 1844ರಲ್ಲಿ ಇಂಗ್ಲೆಂಡಿನ ರಾಕ್‌ಡೇಲ್ ಊರಿನ ಬಡ ನೇಕಾರರು ಲೋಕಕ್ಕೇ ಮಾದರಿಯಾದ ಸಹಕಾರಿ ಅಂಗಡಿ ತೆರೆದರು. ಮುಂದೆ ಅವರು ಲಾಭದ ನೂರಕ್ಕೆ ಎರಡೂವರೆ ಪಾಲನ್ನು ಸದಸ್ಯರ ಓದಿಗೆಂದೇ ತೆಗೆದಿಟ್ಟು ವಾಚನಾಲಯ ನಡೆಸಿದರು. ನಮ್ಮ ನಾಡಿನಲ್ಲೂ 1905ರಲ್ಲಿ ಕಣಗಿನಹಾಳದಲ್ಲಿ ಸಿದ್ದನಗೌಡ ಪಾಟೀಲರು ಮೊದಲ ಸಂಘ ಕಟ್ಟಿದ ದಿನದಿಂದ ಸಹಕಾರದ ನಿಯಮ ಒಂದೇ: ಷೇರು ಎಷ್ಟೇ ಇರಲಿ, ಒಬ್ಬನಿಗೆ ಒಂದೇ ಮತ. ಆದರೆ ಲೆಕ್ಕಪತ್ರ ಓದಲಾರದವನ ಮತ ಓದಬಲ್ಲವನ ಕೈಯೊಳಗೇ ಇರುತ್ತದೆ. ಇದು ನಾವೆಲ್ಲ ಬಲ್ಲ ಮಾತು, ಸಭೆಯಲ್ಲಿ ಆಡದ ಮಾತು.

ಆದ್ದರಿಂದ ಮುಂದಿನ ಸರ್ವಸಾಧಾರಣ ಸಭೆಯ ಮುಂದೆ ಮೂರು ವಿನಂತಿ ಇಡುತ್ತೇನೆ. ಒಂದು, ಗೊಬ್ಬರದ ಗೋದಾಮಿನ ಪಕ್ಕದ ಖಾಲಿ ಕೋಣೆಗೆ ದೀಪ, ಫ್ಯಾನು ಹಾಕಿಸಿ ಸಂಜೆ ಓದುವ ಮಕ್ಕಳಿಗೆ ಬಿಡುವುದು. ಎರಡು, ಊರಲ್ಲಿ ಓದಿ ಕೆಲಸ ಸಿಗದೆ ಕುಳಿತ ಯುವಕ ಯುವತಿಯರಿಗೆ ಲಾಭದಲ್ಲಿ ಸಣ್ಣ ಗೌರವಧನ ಕೊಟ್ಟು, ಒಂಬತ್ತು ಹತ್ತನೆಯ ತರಗತಿಯವರಿಗೆ ಗಣಿತ, ಇಂಗ್ಲಿಷ್ ಹೇಳಿಕೊಡಿಸುವುದು. ಕೇರಿ, ತಾಂಡಾ, ಊರು ಎಲ್ಲರೂ ಒಂದೇ ಕೋಣೆಯಲ್ಲಿ, ಒಂದೇ ಗಡಿಗೆಯ ನೀರು ಕುಡಿದು. ಮೂರು, ಪ್ರೌಢಶಾಲೆಗೆ ಹೋಗುವ ಹೆಣ್ಣುಮಕ್ಕಳ ಬಸ್ಸಿನದು. 2023ರ ಜೂನ್‌ನಿಂದ ಸರ್ಕಾರಿ ಬಸ್ಸಿನಲ್ಲಿ ಹೆಂಗಸರಿಗೆ ಟಿಕೆಟ್ ಇಲ್ಲ ಖರೆ, ಆದರೆ ಬಸ್ಸೇ ಬರಬೇಕಲ್ಲ? ಸಂಜೆ ಐದರ ಬಸ್ಸು ತಪ್ಪಿದರೆ ಮರುದಿನ ಅಪ್ಪ "ಸಾಕು ಬಿಡವಾ ಸಾಲಿ" ಅಂತಾನ. ಕಾಗಿಣಾ ತುಂಬಿ ಸೇತುವೆ ಮೇಲೆ ನೀರು ಬಂದರಂತೂ ವಾರಗಟ್ಟಲೆ ಗೈರು. ಸಂಘದ ಲೆಟರ್ ಹೆಡ್ಡಿನ ಮೇಲೆ ಎಲ್ಲ ಸದಸ್ಯರೂ ಸಹಿ ಮಾಡಿ ಬಸ್ಸು ಕೇಳೋಣ, ಬರುವತನಕ ಒಂದು ಟಂಟಂ ಗೊತ್ತು ಮಾಡೋಣ.

ಇದನ್ನು ಬರೆಯುವಾಗ ನನ್ನ ಕಣ್ಣ ಮುಂದೆ ಅಕ್ಕನ ಮೊಮ್ಮಗಳಿದ್ದಾಳೆ. ಈಗ ಒಂಬತ್ತನೆಯ ತರಗತಿ. ಕಳೆದ ವರ್ಷ ಸಂಘದಿಂದ ಅಕ್ಕ ಸಾಲ ತೆಗೆದಾಗ ಅರ್ಜಿಯನ್ನು ಆ ಹುಡುಗಿಯೇ ಓದಿ ಹೇಳಿದಳು. ಬಡ್ಡಿ ಎಷ್ಟು, ಕಂತು ಎಷ್ಟು, ಎಲ್ಲ. ಅಕ್ಕ ಎರಡು ಸಲ ಕೇಳಿ ಆಮೇಲೆ ಹೆಬ್ಬೆಟ್ಟು ಒತ್ತಿದಳು. ಹೊರಗೆ ಬಂದ ಮೇಲೆ ಬೆರಳಿನ ಮಸಿಯನ್ನು ಸೆರಗಿಗೆ ಒರೆಸಿಕೊಳ್ಳುತ್ತ ನನಗೆ ಹೇಳಿದಳು: "ಇಕಿನ್ನ ಹತ್ತನೇತ್ತಾ ಪಾಸ್ ಮಾಡಸೋ ತಮ್ಮಾ. ನಿನ್ನ ಬಿಟ್ಟು ಬಂದಂಗ ಬಾಗಲತನಾ ಬಿಟ್ಟು ಬರಬ್ಯಾಡ."

ಎಲ್ಲರಿಗಾಗಿ ನಾನು, ನನಗಾಗಿ ಎಲ್ಲರೂ ಎಂಬುದು ನಮ್ಮ ಸಂಘದ ಗೋಡೆಯ ಮೇಲಿನ ಮಾತು. ಸುವರ್ಣ ಮಹೋತ್ಸವದ ಸಂಚಿಕೆ ಬರೆಯಲು ನಾನು ಇರಲಿಕ್ಕಿಲ್ಲ. ಆಗ ಬರೆಯುವವರು ರಿಜಿಸ್ಟರ್ ತೆಗೆದು ನೋಡಿದರೆ ಹೊಸ ಪುಟಗಳಲ್ಲಿ ಒಂದೂ ಹೆಬ್ಬೆಟ್ಟು ಕಾಣದಿರಲಿ. ಸಂಘ ಬೆಳೆಯಲಿ, ಸದಸ್ಯ ಬಾಂಧವರಿಗೆಲ್ಲ ಶುಭವಾಗಲಿ.